ಬಾಖ್ ಮನೆಯಲ್ಲಿ ಶನಿವಾರ ರಾತ್ರಿ ಹಾಳೆ ಬರೆಯುತ್ತಿದ್ದವರು ಯಾರು?

ಆರ್ಗನ್‌ಬೆಂಚು (ಶನಿವಾರ, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಹದಿನೆಂಟು ವರ್ಷದಿಂದ ನಮ್ಮ ಸಭೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಮಂಗಳೂರು ಕಡೆಯ ಹಳೇ ಬಾಸೆಲ್ ಮಿಶನ್ ಸಭೆ. 1834ರಲ್ಲಿ ಬಂದ ಮಿಶನ್ನಿನ ಜೊತೆ ಬಂದ ರಾಗಗಳು ಇನ್ನೂ ನಮ್ಮ ಬಾಯಲ್ಲಿವೆ. ಮಾತು ಕನ್ನಡ, ರಾಗ ಎಷ್ಟೋ ಸಲ ಜರ್ಮನಿಯದು.

ಶನಿವಾರ ಸಂಜೆ ಆಯಿತೆಂದರೆ ನಮ್ಮ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ಅದರ ತುಂಬ ಹಾಳೆ. ಕ್ವಾಯರಿನಲ್ಲಿ ಅರ್ಧ ಜನಕ್ಕೆ ಸ್ಟಾಫ್ ನೊಟೇಶನ್ ಬರುವುದಿಲ್ಲ. ಅವರಿಗಾಗಿ ನನ್ನ ಹೆಂಡತಿ ಡೊ ರೆ ಮಿ ಬರೆದು ಕೊಡುತ್ತಾಳೆ. ಸೊಪ್ರಾನೊಗೆ (ಎತ್ತರದ ದನಿ) ಕೆಂಪು ಪೆನ್ನು, ಆಲ್ಟೊಗೆ (ಅದಕ್ಕಿಂತ ತಗ್ಗಿನ ದನಿ) ನೀಲಿ. ಉಸಿರು ತೆಗೆಯುವ ಕಡೆ ಪುಟ್ಟ ಟಿಕ್ ಮಾರ್ಕು. ಅವಳು ಹಾಡುವವಳಲ್ಲ, ಆದರೆ ಯಾರಿಗೆ ಎಲ್ಲಿ ಉಸಿರು ಸಾಲುವುದಿಲ್ಲ ಅಂತ ಅವಳಿಗೆ ಗೊತ್ತು. ಮಗಳು ಜೆರಾಕ್ಸ್ ಅಂಗಡಿ ಮುಚ್ಚುವ ಮುಂಚೆ ಓಡುತ್ತಾಳೆ.

ಇವತ್ತು ಬರೆಯುತ್ತಾ ಕೂತಿದ್ದವಳು ತಲೆ ಎತ್ತಿ ಕೇಳಿದಳು: "ನಿಮ್ಮ ಬಾಖ್ ವಾರಕ್ಕೊಂದು ಹೊಸದು ಮಾಡುತ್ತಿದ್ದನಂತಲ್ಲ. ಮನೆ ತುಂಬ ಮಕ್ಕಳು ಬೇರೆ. ಅವನ ಹಾಳೆ ಯಾರು ಬರೆದು ಕೊಡುತ್ತಿದ್ದರು?"

ಇಷ್ಟು ವರ್ಷ ಆ ಜರ್ಮನ್ ಸಂಗೀತಗಾರನ ಕೋರಲ್ (ಸಭೆಯಲ್ಲಿ ಹಾಡುವ ಕೀರ್ತನೆ) ನುಡಿಸಿದ್ದೇನೆ. ಈ ಪ್ರಶ್ನೆ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಗೊತ್ತಿದ್ದವರು ಹೇಳಿ.

ಸ್ವರಲಿಪಿ

ನಿಮ್ಮ ಮನೆಯವರಿಗೆ ಮೊದಲು ನನ್ನ ನಮಸ್ಕಾರ ಹೇಳಿ. ಈ ಪ್ರಶ್ನೆಗೆ ಉತ್ತರ ಆ ಹಾಳೆಗಳಲ್ಲೇ ಇದೆ.

ಬಾಖ್ ಜರ್ಮನಿಯ ಲೈಪ್‌ಜಿಗ್‌ಗೆ ಕ್ಯಾಂಟರ್ ಆಗಿ, ಅಂದರೆ ಥಾಮಸ್ ಶಾಲೆಯ ಹುಡುಗರಿಗೆ ಹಾಡು ಕಲಿಸಿ ಊರ ಚರ್ಚುಗಳ ಸಂಗೀತ ನೋಡಿಕೊಳ್ಳುವವನಾಗಿ, ಬಂದದ್ದು 1723ರ ಮೇ ತಿಂಗಳಲ್ಲಿ. ಮೇ 30ಕ್ಕೆ ನಿಕೊಲಾಯ್ ಚರ್ಚಿನಲ್ಲಿ ಮೊದಲ ಕ್ಯಾಂಟಾಟಾ, ಅಂದರೆ ಗಾಯಕರೂ ವಾದ್ಯದವರೂ ಸೇರಿ ಆರಾಧನೆಯಲ್ಲಿ ನಡೆಸುವ ಕೃತಿ. ಆಮೇಲೆ ಎರಡು ಮೂರು ವರ್ಷ ಹೆಚ್ಚುಕಡಿಮೆ ಪ್ರತಿ ಭಾನುವಾರಕ್ಕೂ ಒಂದು. ಕೆಲವು ವೈಮಾರ್‌ನಲ್ಲಿದ್ದಾಗ ಮಾಡಿದ್ದನ್ನೇ ತಿದ್ದಿ ಹಾಡಿಸಿದ್ದು. ಹೆಚ್ಚಿನವು ಹೊಸವೇ. ಅವನು ಬರೆಯುತ್ತಿದ್ದದ್ದು ಸ್ಕೋರು, ಎಲ್ಲರ ಸ್ವರವೂ ಒಂದೇ ಕಡೆ ಇರುವ ಹಾಳೆ. ಅದರಿಂದ ಒಬ್ಬೊಬ್ಬ ಗಾಯಕನಿಗೆ, ಒಂದೊಂದು ವಾದ್ಯಕ್ಕೆ ಬೇರೆ ಬೇರೆ ಪಾರ್ಟ್ ಇಳಿಸಬೇಕು. ಎಲ್ಲಾ ಕೈಬರಹ, ಹಕ್ಕಿ ಗರಿಯ ಲೇಖನಿ, ಮೇಣದ ಬತ್ತಿ.

ಉಳಿದಿರುವ ಪಾರ್ಟ್‌ಗಳ ಅಕ್ಷರ ನೋಡಿ ಯಾರು ಬರೆದದ್ದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಥಾಮಸ್ ಶಾಲೆಯ ಹುಡುಗರು ಇದ್ದಾರೆ. ಹಿಂದಿನ ಕ್ಯಾಂಟರ್ ಕೂನಾವ್ ಅವರ ಕುಟುಂಬದ ಹುಡುಗ ಇದ್ದಾನೆ. ಹಿರಿಯ ಮಗ ಫ್ರೀಡೆಮಾನ್ ಇದ್ದಾನೆ. ಹೆಂಡತಿ ಆನಾ ಮಾಗ್ದಲೇನಾ ಇದ್ದಾಳೆ. ಒಬ್ಬರು ಅರ್ಧಕ್ಕೆ ಬಿಟ್ಟದ್ದನ್ನು ಇನ್ನೊಬ್ಬರು ಮುಗಿಸಿರುವ ಹಾಳೆಗಳೂ ಇವೆ. ನಿಮ್ಮ ಊಟದ ಮೇಜಿನ ಹಾಗೆಯೇ.

ಕೇಳುಗ_ಧಾರವಾಡ

ಅಂದ್ರೆ ಘರಾಣೆ ನೋಡ್ರಿ. ಮನೆಯೇ ಗುರುಕುಲ. ನಮ್ಮ ಕಡೆ ಹೊಸದೇನಲ್ಲ.

ಸ್ವರಲಿಪಿ

@ಕೇಳುಗ_ಧಾರವಾಡ ಒಂದು ಮಟ್ಟಿಗೆ ಸರಿ. ಬಾಖ್ ವಂಶದವರು ವರ್ಷಕ್ಕೊಮ್ಮೆ ಒಂದೂರಲ್ಲಿ ಸೇರುತ್ತಿದ್ದರು, ಮೊದಲು ಎಲ್ಲರೂ ಒಂದು ಕೋರಲ್ ಹಾಡಿ ಆಮೇಲೆ ತಮಾಷೆ ಹಾಡುಗಳಿಗೆ ಇಳಿಯುತ್ತಿದ್ದರು ಅಂತ ಅವನ ಜೀವನಚರಿತ್ರೆ ಬರೆದ ಫೋರ್ಕೆಲ್ 1802ರಲ್ಲಿ ಬರೆದಿದ್ದಾನೆ. ಆದರೆ ಘರಾಣೆಯಲ್ಲಿ ವಿದ್ಯೆ ಕಿವಿಯಿಂದ ಕಿವಿಗೆ ಹೋಗುತ್ತದೆ. ಇಲ್ಲಿ ಕಲಿಯುವುದೇ ಪ್ರತಿ ಮಾಡಿ. ಬಾಖ್ ಕೂಡ ಹಾಗೇ ಕಲಿತದ್ದು. ಹತ್ತು ವರ್ಷಕ್ಕೆಲ್ಲ ಅಪ್ಪ ಅಮ್ಮ ಇಬ್ಬರೂ ಇಲ್ಲ. ಓರ್ಡ್ರುಫ್‌ನಲ್ಲಿದ್ದ ದೊಡ್ಡಣ್ಣನ ಮನೆಯಲ್ಲಿ ಬೆಳೆದ. ಅಣ್ಣ ಕೊಡದ ಒಂದು ಪುಸ್ತಕವನ್ನು ಬೀರುವಿನ ಸರಳಿನ ಸಂದಿಯಿಂದ ಎಳೆದು, ಆರು ತಿಂಗಳು ಬೆಳದಿಂಗಳಲ್ಲಿ ಪ್ರತಿ ಮಾಡಿದ ಕಥೆ ಅವನು ಸತ್ತ ಮೇಲೆ ಬಂದ ಶ್ರದ್ಧಾಂಜಲಿ ಬರಹದಲ್ಲೇ ಇದೆ.

ನೈಟ್‌ಶಿಫ್ಟ್

ಅದಕ್ಕೇ ಕೊನೆಗೆ ಕಣ್ಣು ಹೋಯಿತೇನೋ ಪಾಪ.

ಲೆಕ್ಕದಮೇಷ್ಟ್ರು

ಇಪ್ಪತ್ತು ಮಕ್ಕಳಿದ್ದರೆ ಪ್ರತಿ ಮಾಡಲು ಕೈಗೆ ಏನು ಬರ?

ಆಲ್ಟೊ_ಅಕ್ಕ

ಮೇಷ್ಟ್ರೇ, ಈ ಇಪ್ಪತ್ತು ಅನ್ನುವ ಲೆಕ್ಕವನ್ನು ಜನ ಹಗುರವಾಗಿ ಹೇಳುತ್ತಾರೆ. ನನಗೆ ಸಂಕಟವಾಗುತ್ತದೆ. ಇಪ್ಪತ್ತು ಹುಟ್ಟಿದವು, ದೊಡ್ಡವರಾದದ್ದು ಹತ್ತು. ಮೊದಲ ಹೆಂಡತಿ ಮಾರಿಯಾ ಬಾರ್ಬರಾಗೆ ಏಳು, ಉಳಿದದ್ದು ನಾಲ್ಕು. ಆನಾ ಮಾಗ್ದಲೇನಾಗೆ ಹದಿಮೂರು, ಉಳಿದದ್ದು ಆರು. 1726ರಿಂದ 1733ರ ಒಳಗೆ ಆ ಮನೆಯಿಂದ ಏಳು ಪುಟ್ಟ ಪೆಟ್ಟಿಗೆಗಳು ಹೊರಗೆ ಹೋಗಿವೆ. ವರ್ಷಕ್ಕೊಂದು ಲೆಕ್ಕ ಹಾಕಿ. ನಾವು ಇವತ್ತು ಕೇಳುವ ಎಷ್ಟೋ ದೊಡ್ಡ ಸಂಗೀತ ಆ ವರ್ಷಗಳದ್ದೇ.

ಮೊದಲ ಹೆಂಡತಿಯ ವಿಷಯವಂತೂ ಕೇಳಲಾಗುವುದಿಲ್ಲ. 1720ರಲ್ಲಿ ಬಾಖ್ ತಾನು ಆಗ ಕೆಲಸಕ್ಕಿದ್ದ ಕ್ಯೋತನ್ ಆಸ್ಥಾನದ ರಾಜಕುಮಾರನ ಜೊತೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದ. ವಾಪಸ್ ಬಂದಾಗ ಅವಳ ಮಣ್ಣು ಆಗಿಹೋಗಿತ್ತು. ಹೋಗುವಾಗ ಚೆನ್ನಾಗಿದ್ದಳು.

ಲೆಕ್ಕದಮೇಷ್ಟ್ರು

ಕ್ಷಮಿಸಿ ಅಕ್ಕ. ಈ ವಿವರ ಗೊತ್ತಿರಲಿಲ್ಲ.

ಥಾಮಸ್‌ಗಲ್ಲಿ

ನಾನು ಲೈಪ್‌ಜಿಗ್‌ನಲ್ಲಿ ಕೆಲಸಕ್ಕಿದ್ದೇನೆ, ಊರು ಹಾಸನ. ಬಾಖ್ ಸಂಸಾರ ಇದ್ದ ಶಾಲೆಯ ಕಟ್ಟಡ ಈಗಿಲ್ಲ, 1902ರಲ್ಲಿ ಕೆಡವಿದರು. ಚರ್ಚಿನ ಎದುರು ಬೋಸ್ ಕುಟುಂಬದ ಮನೆ ಇದೆ. ಅವರು ಬಾಖ್ ಮನೆಯವರಿಗೆ ಆಪ್ತರು, ಮಕ್ಕಳ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರು. ಈಗ ಅದು ಬಾಖ್ ಮ್ಯೂಸಿಯಂ.

ಬಾಖ್ ಮನೆಯವರು ಊರಿಗೆ ಬಂದದ್ದನ್ನು ಅವತ್ತಿನ ಪತ್ರಿಕೆಯೇ ಬರೆದಿದೆ. ನಾಲ್ಕು ಬಂಡಿ ಸಾಮಾನು ಮೊದಲು ಬಂತು, ಆಮೇಲೆ ಎರಡು ಕೋಚ್‌ಗಳಲ್ಲಿ ಮನೆಮಂದಿ. ಶಾಲೆಯಲ್ಲೇ ಮನೆ. ಅಂದರೆ ಸುಮಾರು ಐವತ್ತೈದು ಹಾಸ್ಟೆಲ್ ಹುಡುಗರು ಗೋಡೆಯ ಆಚೆ. ನಾಲ್ಕು ವಾರಕ್ಕೊಮ್ಮೆ ಬಾಖ್‌ನದೇ ಪಾಳಿ: ಬೆಳಿಗ್ಗೆ ಐದಕ್ಕೆ ಹುಡುಗರನ್ನು ಎಬ್ಬಿಸುವುದರಿಂದ ರಾತ್ರಿ ಪ್ರಾರ್ಥನೆವರೆಗೆ ಜೊತೆಗಿರಬೇಕು. ಚಳಿಗಾಲದಲ್ಲಿ ಆರಕ್ಕೆ. ಲ್ಯಾಟಿನ್ ಪಾಠವೂ ಇವನ ತಲೆಗೇ ಇತ್ತು. ಅದನ್ನು ಮಾತ್ರ ತನ್ನ ಜೇಬಿನಿಂದ ದುಡ್ಡು ಕೊಟ್ಟು ಇನ್ನೊಬ್ಬ ಮೇಷ್ಟ್ರ ಕೈಯಲ್ಲಿ ಮಾಡಿಸಿದ.

ಲೆಕ್ಕದಮೇಷ್ಟ್ರು

ಮೇಷ್ಟ್ರ ಕಷ್ಟ ಮೇಷ್ಟ್ರಿಗೇ ಗೊತ್ತು. ಸಂಬಳ ಎಷ್ಟಿತ್ತು?

ಸ್ವರಲಿಪಿ

ಅವನ ಬಾಯಲ್ಲೇ ಕೇಳಿ. 1730ರ ಅಕ್ಟೋಬರ್ 28ರಂದು ಬಾಲ್ಯದ ಗೆಳೆಯ ಎರ್ಡ್‌ಮಾನ್‌ಗೆ ಒಂದು ಕಾಗದ ಬರೆದಿದ್ದಾನೆ. ಎಲ್ಲಾ ಸೇರಿ ವರ್ಷಕ್ಕೆ ಸುಮಾರು 700 ಥಾಲರ್ (ಆಗಿನ ಬೆಳ್ಳಿ ನಾಣ್ಯ). ಅದರಲ್ಲಿ ಹೆಚ್ಚಿನದು ಖಾತ್ರಿ ಸಂಬಳವಲ್ಲ, ಮದುವೆ, ಮಣ್ಣುಗಳಲ್ಲಿ ಹಾಡಿಸಿದ್ದಕ್ಕೆ ಬರುವ ಹಣ. ಊರಲ್ಲಿ ಸಾವು ಜಾಸ್ತಿಯಾದರೆ ಆದಾಯ ಏರುತ್ತದೆ, ಗಾಳಿ ಚೆನ್ನಾಗಿದ್ದರೆ ಇಳಿಯುತ್ತದೆ ಅಂತ ಬರೆಯುತ್ತಾನೆ. ಹಿಂದಿನ ವರ್ಷ ಜನ ಆರೋಗ್ಯವಾಗಿದ್ದರು, 100 ಥಾಲರ್‌ಗೂ ಮೇಲೆ ಖೋತಾ. ಮೇಲಾಗಿ ಊರು ದುಬಾರಿ, ಅಧಿಕಾರಿಗಳಿಗೆ ಸಂಗೀತದ ಮೇಲೆ ಅಕ್ಕರೆಯಿಲ್ಲ, ಬೇರೆ ಎಲ್ಲಾದರೂ ಕೆಲಸವಿದ್ದರೆ ಹೇಳು ಅಂತ ಕೇಳುತ್ತಾನೆ.

ಅದೇ ಕಾಗದದ ಕೊನೆಗೆ ದನಿ ಬದಲಾಗುತ್ತದೆ. ಮಕ್ಕಳೆಲ್ಲ ಹುಟ್ಟಾ ಸಂಗೀತಗಾರರು, ಮನೆಯವರನ್ನೇ ಸೇರಿಸಿ ಒಂದು ಕಛೇರಿ ನಡೆಸಬಲ್ಲೆ, ಹೆಂಡತಿಯದು ಶುದ್ಧ ಸೊಪ್ರಾನೊ, ದೊಡ್ಡ ಮಗಳೂ ಪರವಾಗಿಲ್ಲ ಅನ್ನುತ್ತಾನೆ. ದೂರುಗಳ ಮಧ್ಯೆ ಇದೊಂದು ಮಾತನ್ನು ಓದಿದಾಗ ಆ ಮನೆಯ ಬಾಗಿಲು ತೆರೆದ ಹಾಗಾಗುತ್ತದೆ ನನಗೆ.

ಆರ್ಗನ್‌ಬೆಂಚು

ಅಧಿಕಾರಿಗಳ ಮಾತು ಬಂತಲ್ಲ, ನನ್ನದೂ ಹೇಳಿಬಿಡುತ್ತೇನೆ. ಹೋದ ತಿಂಗಳು ನಮ್ಮ ಕಮಿಟಿಯ ಹಿರಿಯರೊಬ್ಬರು ಎಲ್ಲರ ಎದುರೇ ಹೇಳಿದರು: "ಹಾಡಿದರೆ ಸಾಕಲ್ವಾ, ಇಷ್ಟು ಪ್ರಾಕ್ಟೀಸ್ ಯಾಕೆ? ಮುನ್ನುಡಿ ಬೇರೆ ಉದ್ದ ಎಳೆಯುತ್ತೀರಿ." ಆ ರಾತ್ರಿ ನಿದ್ದೆ ಬರಲಿಲ್ಲ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು, ತೊಡೆ ಮೇಲೆ ಹಾಳೆಗಳ ಕಟ್ಟು.

ಕರಾವಳಿ_ಓದುಗ

ಅಣ್ಣ, ಬೇಜಾರು ಮಾಡಬೇಡಿ. ಬಾಖ್‌ಗೆ ಇದೇ ಮಾತು ಬಂದಿತ್ತು, ಇಪ್ಪತ್ತು ದಾಟಿದ ಪ್ರಾಯದಲ್ಲೇ. ಆರ್ನ್‌ಸ್ಟಾಟ್‌ನಲ್ಲಿ ಆರ್ಗನಿಸ್ಟ್ ಆಗಿದ್ದಾಗ ನಾಲ್ಕು ವಾರ ರಜೆ ತಗೊಂಡು ಹೆಸರಾಂತ ಆರ್ಗನಿಸ್ಟ್ ಬುಕ್ಸ್‌ಟೆಹೂಡೆಯ ಸಂಗೀತ ಕೇಳಲು ಲ್ಯೂಬೆಕ್‌ಗೆ ಹೋದ. ಸುಮಾರು 400 ಕಿಲೋಮೀಟರ್, ನಡೆದುಕೊಂಡು. ಬಂದದ್ದು ನಾಲ್ಕು ತಿಂಗಳ ಮೇಲೆ. 1706ರ ಫೆಬ್ರವರಿಯಲ್ಲಿ ಚರ್ಚಿನ ಆಡಳಿತದವರು ಕರೆಸಿ ವಿಚಾರಿಸಿದರು. ಕೋರಲ್ ಮಧ್ಯೆ ಏನೇನೋ ವಿಚಿತ್ರ ಸ್ವರ ಸೇರಿಸುತ್ತಾನೆ, ಸಭೆಗೆ ಹಾಡಲು ಗೊಂದಲವಾಗುತ್ತದೆ ಎಂದು ದೂರು. ಮೊದಲು ಉದ್ದ ನುಡಿಸುತ್ತಿದ್ದ, ಹೇಳಿದ ಮೇಲೆ ತೀರಾ ಚಿಕ್ಕದು ಮಾಡಿದ ಅಂತಲೂ ದೂರು.

ಕೇಳುಗ_ಧಾರವಾಡ

ಸಭೆಯವರ ಕಡೆಯಿಂದಲೂ ಸ್ವಲ್ಪ ನೋಡಬೇಕ್ರಿ. ಅವರು ಬಂದದ್ದು ಹಾಡಿ ದೇವರಿಗೆ ಕೈಮುಗಿಯಲು. ಮಧ್ಯೆ ಸ್ವರ ತಪ್ಪಿಸಿದರೆ ಸಿಟ್ಟು ಬರೋದು ಸಹಜ. ಭಜನೆಯಲ್ಲಿ ಹಾರ್ಮೋನಿಯಂನವನು ತನ್ನ ಪಾಡಿಗೆ ತಾನ್ ಹೊಡೆದರೆ ನಾವೂ ಸುಮ್ಮನಿರುವುದಿಲ್ಲ.

ಆರ್ಗನ್‌ಬೆಂಚು

ಇದು ನ್ಯಾಯವಾದ ಮಾತು. ಒಪ್ಪಿಕೊಂಡೆ. ಮುನ್ನುಡಿ ನಾಲ್ಕು ಸಾಲಿನಿಂದ ಎರಡಕ್ಕೆ ಇಳಿಸುತ್ತೇನೆ. ಪ್ರಾಕ್ಟೀಸ್ ಮಾತ್ರ ಬಿಡುವುದಿಲ್ಲ.

ಕರಾವಳಿ_ಓದುಗ

ಅದೇ ಆರ್ನ್‌ಸ್ಟಾಟ್‌ನಲ್ಲಿ ಇನ್ನೊಂದು ದೂರು ಇತ್ತು. ಆರ್ಗನ್ ಇರುವ ಅಟ್ಟಕ್ಕೆ ಯಾರೋ ಹುಡುಗಿಯನ್ನು ಕರೆದುಕೊಂಡು ಹೋಗಿ ಹಾಡಿಸಿದ ಅಂತ. ಹೆಂಗಸರು ಆಗ ಚರ್ಚಿನಲ್ಲಿ ಕ್ವಾಯರ್ ಹಾಡುವ ಹಾಗಿರಲಿಲ್ಲ.

ಆಲ್ಟೊ_ಅಕ್ಕ

ನಾನು ಹೇಳಬೇಕೆಂದಿದ್ದ ಜಾಗಕ್ಕೇ ಬಂದಿರಿ.

ಆನಾ ಮಾಗ್ದಲೇನಾ ಸುಮ್ಮನೆ "ಬಾಖ್ ಹೆಂಡತಿ" ಅಲ್ಲ. ಕ್ಯೋತನ್ ಆಸ್ಥಾನದಲ್ಲಿ ಸಂಬಳ ಪಡೆಯುತ್ತಿದ್ದ ಗಾಯಕಿ. 1721ರ ಡಿಸೆಂಬರ್ 3ಕ್ಕೆ ಮದುವೆ. ಅವಳಿಗೆ ಇಪ್ಪತ್ತು ವರ್ಷ. ಮದುವೆ ದಿನವೇ ನಾಲ್ಕು ಮಕ್ಕಳ ತಾಯಿ, ದೊಡ್ಡ ಹುಡುಗಿಗೆ ಆಗಲೇ ಹನ್ನೆರಡು. ಒಂದೂವರೆ ವರ್ಷಕ್ಕೆ ಲೈಪ್‌ಜಿಗ್. ಅಲ್ಲಿ ಭಾನುವಾರದ ಸೊಪ್ರಾನೊ ಎಲ್ಲ ಹುಡುಗರದ್ದು.

ಒಂದು ಗಳಿಗೆ ಯೋಚಿಸಿ. ಶನಿವಾರ ರಾತ್ರಿ ಅವಳು ಪಾರ್ಟ್ ಬರೆಯುತ್ತಾಳೆ. ಬರೆಯುವಾಗ ಒಳಗೇ ಹಾಡಿಕೊಂಡಿರುತ್ತಾಳೆ, ಹಾಡುವವರಿಗೆ ಅದು ತಡೆಯಲು ಆಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಆರಾಧನೆ. ಅವಳು ಕೆಳಗೆ ಸಭೆಯಲ್ಲಿ. ಮೇಲೆ ಅಟ್ಟದಲ್ಲಿ ಶಾಲೆಯ ಹುಡುಗನೊಬ್ಬ ಆ ಹಾಳೆ ಹಿಡಿದು ಹಾಡುತ್ತಾನೆ. ತಪ್ಪಿದರೆ ಎಲ್ಲಿ ತಪ್ಪಿದ ಅಂತ ಆ ಇಡೀ ಚರ್ಚಿನಲ್ಲಿ ಇಬ್ಬರಿಗೆ ಗೊತ್ತು.

ಥಾಮಸ್‌ಗಲ್ಲಿ

ಹುಡುಗರು ಚೆನ್ನಾಗಿ ಹಾಡುತ್ತಿದ್ದರು ಅಂತಲೂ ಅಲ್ಲ ಅಕ್ಕ. 1730ರ ಆಗಸ್ಟ್‌ನಲ್ಲಿ ಬಾಖ್ ನಗರಸಭೆಗೆ ಕೊಟ್ಟ ಮನವಿಯಲ್ಲಿ ಲೆಕ್ಕವಿದೆ: 17 ಜನ ಪ್ರಯೋಜನಕ್ಕೆ ಬರುತ್ತಾರೆ, 20 ಜನ ಇನ್ನೂ ತಯಾರಾಗಬೇಕು, 17 ಜನ ಕೈಲಾಗದವರು. ಇವರನ್ನೇ ಹಂಚಿ ನಾಲ್ಕು ಚರ್ಚು ನಡೆಸಬೇಕಿತ್ತು.

ಆರ್ಗನ್‌ಬೆಂಚು

17, 20, 17. ನಮ್ಮ ಕ್ವಾಯರ್ ರಿಜಿಸ್ಟರ್ ಓದಿದ ಹಾಗಿದೆ.

ನೈಟ್‌ಶಿಫ್ಟ್

ಆಲ್ಟೊ ಅಕ್ಕ ಹೇಳಿದ್ದು ನಿಜ. ಬಾಖ್‌ನ ಚೆಲ್ಲೊ ಸೂಟ್‌ಗಳನ್ನೂ (ಒಂಟಿ ಚೆಲ್ಲೊ ವಾದ್ಯಕ್ಕೆ ಬರೆದ ಕೃತಿಗಳು) ಅವಳೇ ರಚಿಸಿದ್ದಂತೆ, ಗಂಡನ ಹೆಸರು ಹಾಕಿದರಂತೆ. ಎಲ್ಲೋ ನೋಡಿದೆ.

ಸ್ವರಲಿಪಿ

ಇಲ್ಲ, ಅದನ್ನು ಒಪ್ಪಲಾಗದು. ಬಾಖ್ ಕೈಬರಹದ ಪ್ರತಿ ಕಳೆದುಹೋಗಿದೆ, ಇವತ್ತು ನಾವು ನೆಚ್ಚುವ ಮುಖ್ಯ ಪ್ರತಿ ಆನಾ ಮಾಗ್ದಲೇನಾ ಬರೆದದ್ದು. ಅಷ್ಟರಿಂದಲೇ ಆ ವಾದ ಹುಟ್ಟಿದ್ದು. ಬಾಖ್ ವಿದ್ವಾಂಸರು ಅದನ್ನು ಒಪ್ಪಿಲ್ಲ.

ಮಕ್ಕಳೆಲ್ಲ ಪಿಯಾನೊದಲ್ಲಿ ಮೊದಲು ಕಲಿಯುವ ಜಿ ಮೇಜರ್ ಮಿನುಯೆಟ್ ಕೂಡ ಬಾಖ್‌ದಲ್ಲ, ಕ್ರಿಸ್ಟಿಯಾನ್ ಪೆಟ್ಸೋಲ್ಡ್‌ನದು. 1725ರಲ್ಲಿ ಶುರುವಾದ ಆನಾ ಮಾಗ್ದಲೇನಾಳ ಸ್ವಂತ ಸಂಗೀತದ ಪುಸ್ತಕದಲ್ಲಿ ರಚನಕಾರನ ಹೆಸರಿಲ್ಲದೆ ಇತ್ತು, ಅದಕ್ಕೆ ಎಲ್ಲರೂ ಬಾಖ್ ಅಂದುಕೊಂಡರು. ಬರೆದವರು ಬೇರೆ, ರಚಿಸಿದವರು ಬೇರೆ.

ಆಲ್ಟೊ_ಅಕ್ಕ

ಸ್ವರಲಿಪಿ ಸರ್, ನೀವು ಹೇಳಿದ್ದು ಸರಿ. ಆದರೆ "ಬರೀ ಪ್ರತಿ ಮಾಡಿದ್ದು" ಎಂಬ ಧ್ವನಿ ಬೇಡ. ಅವಳು ಪ್ರತಿ ಮಾಡದಿದ್ದರೆ ಇವತ್ತು ಆ ಚೆಲ್ಲೊ ಸಂಗೀತ ನಮ್ಮ ಕೈಗೆ ಈ ರೂಪದಲ್ಲಿ ಸಿಗುತ್ತಿರಲಿಲ್ಲ. ರಚಿಸಿದವಳು ಅಂತ ಸುಳ್ಳು ಕಿರೀಟ ಅವಳಿಗೆ ಯಾಕೆ ಬೇಕು? ಮಾಡಿದ ಕೆಲಸಕ್ಕೆ ಮರ್ಯಾದೆ ಕೊಟ್ಟರೆ ಸಾಕು.

ಸ್ವರಲಿಪಿ

ಆ ಧ್ವನಿ ಬಂದಿದ್ದರೆ ಕ್ಷಮಿಸಿ ಅಕ್ಕ. ಅವಳ ಹಾಡುಗಾರಿಕೆ ಪೂರ್ತಿ ನಿಂತೂ ಹೋಗಲಿಲ್ಲ. 1729ರಲ್ಲಿ ಕ್ಯೋತನ್ ರಾಜಕುಮಾರ ಲಿಯೊಪೋಲ್ಡ್‌ನ ಅಂತ್ಯಕ್ರಿಯೆಯ ಸಂಗೀತಕ್ಕೆ ಗಂಡ, ಹೆಂಡತಿ, ಮಗ ಮೂವರೂ ಹೋಗಿದ್ದರು. ಅವಳ ಪುಸ್ತಕದಲ್ಲಿ 82ನೇ ಕ್ಯಾಂಟಾಟಾದ ಒಂದು ಏರಿಯಾ (ಒಬ್ಬರೇ ಹಾಡುವ ಹಾಡು) ಇದೆ. ಮೂಲದಲ್ಲಿ ಅದು ಸಾವನ್ನು ನಿದ್ದೆ ಅಂತ ಕರೆಯುವ, ಗಂಡು ದನಿಯ ಹಾಡು. ಜೋಗುಳದ ಹಾಗೆ ತೂಗುತ್ತದೆ. ಅವಳು ಅದನ್ನು ತನ್ನ ಕೈಯಲ್ಲೇ ತನ್ನ ಪುಸ್ತಕಕ್ಕೆ ಇಳಿಸಿಕೊಂಡಿದ್ದಾಳೆ. ಚರ್ಚಿನ ಸಂಗೀತ ಮನೆಯೊಳಗೆ ಬಂದು ಕೂತದ್ದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ಆಲ್ಟೊ_ಅಕ್ಕ

ಮಕ್ಕಳು ಹೋಗುತ್ತಿದ್ದ ಮನೆಯಲ್ಲಿ ಆ ಹಾಡು.

ಕರಾವಳಿ_ಓದುಗ

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳುತ್ತೇನೆ. ಅವಳಿಗೆ ಹೂವು, ಹಕ್ಕಿ ಅಂದರೆ ಪ್ರಾಣ. 1737ರಿಂದ 1742ರವರೆಗೆ ಮನೆಯಲ್ಲಿ ಯೋಹಾನ್ ಎಲಿಯಾಸ್ ಅಂತ ದಾಯಾದಿಯೊಬ್ಬ ಇದ್ದ. ಮಕ್ಕಳಿಗೆ ಪಾಠ, ಬಾಖ್‌ಗೆ ಕಾಗದಪತ್ರ, ಎರಡೂ ಅವನದೇ ಕೆಲಸ. ಅವನ ಕಾಗದಗಳಲ್ಲಿ ಇದೆಲ್ಲ ಸಿಗುತ್ತದೆ. ಅವಳಿಗಾಗಿ ಹಾಡುವ ಹಕ್ಕಿಯೊಂದನ್ನು ಕೊಡಿಸಿ ಅಂತ ಒಬ್ಬರಿಗೆ ಬರೆಯುತ್ತಾನೆ. ಕಾರ್ನೇಶನ್ ಗಿಡ ಬಂದಾಗ ಕ್ರಿಸ್‌ಮಸ್ ಉಡುಗೊರೆ ಸಿಕ್ಕ ಮಕ್ಕಳಿಗಿಂತ ಜಾಸ್ತಿ ಸಂತೋಷಪಟ್ಟಳು ಅನ್ನುತ್ತಾನೆ.

ಲೆಕ್ಕದಮೇಷ್ಟ್ರು

ಅದೇ ಎಲಿಯಾಸ್ ಮುಂದೆ ಊರಿಗೆ ಹೋಗಿ ಒಂದು ಪೀಪಾಯಿ ವೈನ್ ಕಳಿಸಿದ್ದನಲ್ಲ? 1748ರಲ್ಲಿ. ದಾರಿಯಲ್ಲಿ ಸ್ವಲ್ಪ ಸೋರಿಹೋಗಿತ್ತು. ಬಾಖ್ ಸಾಗಣೆ, ಸುಂಕ ಎಲ್ಲಾ ಕೂಡಿಸಿ, ಅಳತೆಗೆ ಹತ್ತಿರ ಹತ್ತಿರ 5 ಗ್ರೋಷನ್ (ಥಾಲರ್‌ಗಿಂತ ಚಿಕ್ಕ ನಾಣ್ಯ) ಬಿತ್ತು, ಉಡುಗೊರೆಗೆ ಇದು ದುಬಾರಿ, ಇನ್ನು ಕಳಿಸಬೇಡ ಅಂತ ಬರೆದ. ಈ ಮನುಷ್ಯ ನನಗೆ ತುಂಬಾ ಹಿಡಿಸಿದ. ಸಂಸಾರ ನಡೆಸಿದವನು ಹೀಗೇ ಲೆಕ್ಕ ಇಡುತ್ತಾನೆ.

ನೈಟ್‌ಶಿಫ್ಟ್

ಕಣ್ಣಿನ ವಿಷಯ ಯಾರೂ ಹೇಳಲಿಲ್ಲ.

ಸ್ವರಲಿಪಿ

1750ರಲ್ಲಿ ಊರೂರು ತಿರುಗುವ ಇಂಗ್ಲಿಷ್ ಕಣ್ಣಿನ ವೈದ್ಯ ಜಾನ್ ಟೇಲರ್ ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿದ. ದೃಷ್ಟಿ ಬರಲಿಲ್ಲ, ಮೈ ಕುಗ್ಗಿತು. ಜುಲೈ 28ಕ್ಕೆ ತೀರಿಕೊಂಡ.

ನೈಟ್‌ಶಿಫ್ಟ್

ನಾನು ಕಣ್ಣಿನ ವಾರ್ಡಿನಲ್ಲಿ ಆರು ವರ್ಷ ಕೆಲಸ ಮಾಡಿದವಳು. ಈಗ ಪೊರೆ ತೆಗೆಸಿಕೊಂಡು ಸಂಜೆ ಮನೆಗೆ ಹೋಗುತ್ತಾರೆ. ಆಗ ಮರಗಟ್ಟಿಸುವ ಔಷಧಿಯಿಲ್ಲ, ಕೈ ತೊಳೆಯುವ ರೂಢಿಯಿಲ್ಲ. ಓದುತ್ತಾ ಹೊಟ್ಟೆ ತೊಳೆಸಿತು. ಆನಾ ಮಾಗ್ದಲೇನಾಗೆ ಏನಾಯಿತು ಆಮೇಲೆ?

ಆಲ್ಟೊ_ಅಕ್ಕ

ಅದನ್ನೂ ಹೇಳಲೇಬೇಕು. ಆಸ್ತಿ ಗಂಡುಮಕ್ಕಳು, ಹೆಣ್ಣುಮಕ್ಕಳು, ಅವಳು, ಎಲ್ಲರಿಗೂ ಹಂಚಿಹೋಯಿತು. ಕೋರಲ್ ಕ್ಯಾಂಟಾಟಾಗಳ ಪಾರ್ಟ್‌ಗಳು ಅವಳ ಪಾಲಿಗೆ ಬಂದವು. ಅವುಗಳನ್ನು ಅವಳು ಥಾಮಸ್ ಶಾಲೆಗೆ ಕೊಟ್ಟಳು. ಅದರಿಂದಲೇ ಅವು ಇವತ್ತಿಗೂ ಲೈಪ್‌ಜಿಗ್‌ನಲ್ಲಿ ಒಟ್ಟಿಗೆ ಉಳಿದಿವೆ. ಹಿರಿಯ ಮಗನ ಪಾಲಿಗೆ ಬಂದದ್ದರಲ್ಲಿ ಎಷ್ಟೋ ಮಾರಿಹೋದವು. ಅವಳು ಮಾತ್ರ ದಾನದ ಹಣದಲ್ಲಿ ದಿನ ದೂಡಿ 1760ರ ಫೆಬ್ರವರಿಯಲ್ಲಿ ತೀರಿಕೊಂಡಳು. ದಾಖಲೆಯಲ್ಲಿ ಭಿಕ್ಷೆಯ ಹೆಂಗಸು ಎಂಬ ಅರ್ಥದ ಪದ ಇದೆ. ಕೊನೆಯ ಮಗಳು ರೆಗೀನಾ ಸುಸಾನಾಗೂ ಬಡತನವೇ. 1800ರಲ್ಲಿ ಒಂದು ಸಂಗೀತ ಪತ್ರಿಕೆ ಅವಳಿಗಾಗಿ ಹಣ ಎತ್ತಿತು, ಬೇಥೋವನ್ ಕೂಡ ಕೈಜೋಡಿಸಲು ಮುಂದೆ ಬಂದ.

ಮಕ್ಕಳು ದೊಡ್ಡ ಹುದ್ದೆಯಲ್ಲಿದ್ದರು. ಒಬ್ಬ ಪ್ರಷ್ಯಾ ರಾಜನ ಆಸ್ಥಾನದಲ್ಲಿ. ಆದರೂ ಹೀಗಾಯಿತು. ನನಗೆ ಆ ಗಂಡುಮಕ್ಕಳ ಮೇಲೆ ಸಿಟ್ಟಿದೆ.

ಸ್ವರಲಿಪಿ

ಪೂರಾ ತಪ್ಪು ಹೊರಿಸಲಾಗದು ಅಕ್ಕ. ಕಾರ್ಲ್ ಫಿಲಿಪ್ ಎಮಾನುಯೆಲ್ ಹದಿನೈದರ ಮಲತಮ್ಮ ಯೋಹಾನ್ ಕ್ರಿಸ್ಟಿಯಾನ್‌ನನ್ನು ಬರ್ಲಿನ್‌ಗೆ ಕರೆದುಕೊಂಡು ಹೋಗಿ ಕಲಿಸಿದ. ಬುದ್ಧಿ ಬೆಳೆಯದ ಗೋಟ್‌ಫ್ರೀಡ್ ಹೈನ್ರಿಖ್‌ನನ್ನು ತಂಗಿ ಎಲಿಸಬೆತ್, ಅವಳ ಗಂಡ ನೋಡಿಕೊಂಡರು. ಸಂಸಾರ ಹರಿದು ಹಂಚಿಹೋಯಿತು, ಆದರೆ ಕೈಬಿಟ್ಟಿತು ಅನ್ನಲಾಗದು.

ಆಲ್ಟೊ_ಅಕ್ಕ

ಅವಳನ್ನು ಕೈಬಿಟ್ಟಿತು. ನಾನು ಇದರಲ್ಲಿ ಜಗ್ಗುವುದಿಲ್ಲ.

ಥಾಮಸ್‌ಗಲ್ಲಿ

ಬಾಖ್ ಸಮಾಧಿ 1950ರಿಂದ ಥಾಮಸ್ ಚರ್ಚಿನ ಒಳಗೇ ಇದೆ. ಯಾವಾಗ ಹೋದರೂ ಮೇಲೆ ಹೂವಿರುತ್ತದೆ. ನಾಳೆ ಹೋಗುವಾಗ ಒಂದು ಕಾರ್ನೇಶನ್ ತಗೊಂಡು ಹೋಗುತ್ತೇನೆ. ಅವಳ ಲೆಕ್ಕಕ್ಕೆ.

ಆಲ್ಟೊ_ಅಕ್ಕ

ಹಳದಿ ಸಿಕ್ಕರೆ ಹಳದಿ ತನ್ನಿ.

ಆರ್ಗನ್‌ಬೆಂಚು (ಭಾನುವಾರ, ಮಧ್ಯಾಹ್ನ 2:15)

ನಿನ್ನೆ ರಾತ್ರಿ ಇದೆಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ. ಒಂದು ಗಂಟೆಯಾಯಿತು. ಭಿಕ್ಷೆಯ ಹೆಂಗಸು ಅನ್ನುವಲ್ಲಿ ಪೆನ್ನು ಕೆಳಗಿಟ್ಟಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಟೆನರ್ ಹಾಳೆ ಮುಗಿಸಿಯೇ ಮಲಗಿದಳು.

ಬೆಳಿಗ್ಗೆ ಪಾದ್ರಿ ಅಯ್ಯನವರ ಹತ್ತಿರ ಹೋಗಿ ಕೇಳಿದೆ: ಆರಾಧನೆಯ ಕ್ರಮದ ಹಾಳೆಯಲ್ಲಿ ನನ್ನ ಹೆಸರು ಇರುತ್ತದೆ, ಕ್ವಾಯರ್ ಹೆಸರು ಇರುತ್ತದೆ, ಹಾಳೆ ಬರೆದು ಕೊಡುವವರ ಹೆಸರೂ ಹಾಕಬಹುದಾ? ಹಾಳೆ ಆಗಲೇ ಅಚ್ಚಾಗಿತ್ತು. ಮುಂದಿನ ವಾರದಿಂದ ಹಾಕೋಣ ಅಂದರು. ಇವತ್ತು ಪ್ರಕಟಣೆ ಹೊತ್ತಿಗೆ ಅವರೇ ಬಾಯಲ್ಲಿ ಹೇಳಿದರು, ಅವಳ ಹೆಸರು, ಮಗಳ ಹೆಸರು, ಎರಡೂ.

ಮುನ್ನುಡಿ ಎರಡೇ ಸಾಲು ನುಡಿಸಿದೆ. ಸಭೆ ಒಟ್ಟಿಗೆ ಹಾಡು ಎತ್ತಿಕೊಂಡಿತು.

ಆರಾಧನೆ ಮುಗಿದ ಮೇಲೆ ಆಲ್ಟೊದಲ್ಲಿ ಹಾಡುವ ಎಪ್ಪತ್ತು ದಾಟಿದ ಬಾಯಿಯೊಬ್ಬರು ನೇರ ಅವಳ ಹತ್ತಿರ ಬಂದರು. ಹೊಗಳಲಿಕ್ಕಲ್ಲ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ತೋರಿಸಿ, "ಮಗಾ, ನೀಲಿ ನನಗೆ ಕಾಣುವುದಿಲ್ಲ. ನನ್ನದನ್ನು ಮಾತ್ರ ಕಪ್ಪಿನಲ್ಲಿ, ಸ್ವಲ್ಪ ದೊಡ್ಡದಾಗಿ ಬರೀತೀಯಾ?" ಅಂದರು. ಬರುವ ದಾರಿಯಲ್ಲಿ ಅಂಗಡಿ ಹತ್ತಿರ ಗಾಡಿ ನಿಲ್ಲಿಸಲು ಹೇಳಿ ಎರಡು ಕಪ್ಪು ಸ್ಕೆಚ್ ಪೆನ್ನು ತಗೊಂಡಳು.